ಮಳೆಗಾಲದಲ್ಲಿ ಮುಂಗೂದಲು ಗಿಡ್ಡ ಆಗೋದು ಎಂತಕ್ಕೆ?

ಜುಲೈ ತಿಂಗಳಲ್ಲಿ ಕಾರವಾರದಲ್ಲೋ ಕುಮಟಾದಲ್ಲೋ ಯಾವುದಾದ್ರೂ ಪಾರ್ಲರ್‌ನಲ್ಲಿ ಸ್ವಲ್ಪ ಹೊತ್ತು ಕೂತ್ರೆ ಈ ದೂರು ಕಿವಿಗೆ ಬಿದ್ದೇ ಬೀಳತ್ತೆ: "ತಂಗೀ, ನಿನ್ನೆ ಹುಬ್ಬಿನ ತನಕ ಇತ್ತು, ಇವತ್ತು ಹಣೆ ಮಧ್ಯಕ್ಕೆ ಬಂದು ನಿಂತಿದ್ಯಲ್ಲೇ ಮಾರಾಯ್ತಿ, ಎಂತಾ ಮಾಡಿದ್ದು ನೀನು?" ಕತ್ತರಿ ಹಿಡಿದ ಹುಡುಗಿ ಅಳತೆ ಸರಿಯಾಗೇ ತಗೊಂಡಿರ್ತಾಳೆ, ಆದ್ರೆ ತಗೊಂಡಿದ್ದು ಒದ್ದೆ ಕೂದಲಿನ ಅಳತೆ. ಕಟಿಂಗ್ ಕಲಿಯೋಕೆ ಹೋದವರಿಗೆ ಮೊದಲ ದಿನವೇ ಕತ್ತರಿ ಹಿಡಿಯೋದು ತೋರಿಸ್ತಾರೆ, ನನ್ನ ಕೇಳಿದ್ರೆ ನಮ್ಮ ಕರಾವಳಿಯಲ್ಲಿ ಅದಕ್ಕೂ ಮೊದಲು ಕಲಿಸಬೇಕಾದ್ದು ನೀರಿನ ಪಾಠ.

ಕೂದಲು ಅಂದ್ರೆ ಕೆರಾಟಿನ್ ಅನ್ನೋ ಪ್ರೋಟೀನ್. ಅದನ್ನ ಹಿಡಿದಿಟ್ಟಿರೋ ಬಂಧಗಳಲ್ಲಿ ಗಂಧಕದ ಬಂಧ ಗಟ್ಟಿ, ಅದು ನೀರಿಗೆಲ್ಲ ಜಗ್ಗಲ್ಲ, ಪರ್ಮನೆಂಟ್ ಸ್ಟ್ರೇಟನಿಂಗ್ ಕೆಮಿಕಲ್ಲೇ ಬೇಕು. ಇನ್ನೊಂದು ಹೈಡ್ರೋಜನ್ ಬಂಧ, ಒಂದೊಂದೂ ಬಲು ದುರ್ಬಲ ಆದ್ರೆ ಲೆಕ್ಕವಿಲ್ಲದಷ್ಟು ಇರತ್ತೆ, ನೀರು ತಾಗಿದ ಕೂಡ್ಲೇ ಬಿಟ್ಕೊಳ್ಳತ್ತೆ, ಒಣಗುವಾಗ ಕೂದಲು ಯಾವ ಆಕಾರದಲ್ಲಿ ಇತ್ತೋ ಅದೇ ಆಕಾರದಲ್ಲಿ ಮತ್ತೆ ಕಟ್ಕೊಳ್ಳತ್ತೆ. ಬ್ಲೋ ಡ್ರೈ, ಅಂದ್ರೆ ಡ್ರೈಯರ್ ಬಿಸಿಗಾಳಿಯಲ್ಲಿ ಕೂರಿಸಿದ ಆಕಾರ, ನಿಲ್ಲೋದು ಇದರಿಂದ, ಆಮೇಲೆ ಬಸ್‌ಸ್ಟ್ಯಾಂಡ್ ಮುಟ್ಟೋದ್ರೊಳಗೆ ಹಾಳಾಗೋದೂ ಇದರಿಂದಲೇ, ಯಾಕಂದ್ರೆ ಮಳೆಗಾಲದಲ್ಲಿ ಇಲ್ಲಿಯ ಗಾಳಿಯಲ್ಲಿರೋ ತೇವವೇ ಆ ಬಂಧ ಸಡಿಲ ಮಾಡೋಕೆ ಸಾಕು.

ನೀರು ಕುಡಿದ ಕೂದಲು ದಪ್ಪದಲ್ಲಿ ಸುಮಾರು 15 ಪರ್ಸೆಂಟ್ ಉಬ್ಬತ್ತೆ, ಉದ್ದದಲ್ಲಿ ಹೆಚ್ಚೋದು ಬರೀ 1-2 ಪರ್ಸೆಂಟ್. ಹಾಗಾದ್ರೆ ಮುಂಗೂದಲು ಅಷ್ಟು ಮೇಲೆ ಹೋಗಿದ್ದು ಹೇಗೆ? ನಮ್ಮ ಕೈಯಿಂದ. ಒದ್ದೆ ಕೂದಲು ಎಳೆದ್ರೆ ಸಲೀಸಾಗಿ ಹಿಗ್ಗತ್ತೆ, ಬಿಟ್ರೆ ವಾಪಸ್ ಬರತ್ತೆ, ಅದರ ಮೇಲೆ ಗುಂಗುರು ಇದ್ರಂತೂ ನೀರಿನ ಭಾರಕ್ಕೆ ನೇರ ಆಗಿದ್ದು ಒಣಗ್ತಾ ಸುರುಳಿ ಸುತ್ಕೊಳ್ಳತ್ತೆ. ಹೊಸಬರ ಕೈ ನೋಡಿ, ಬಾಚಣಿಗೆಯಲ್ಲಿ ಮುಂಗೂದಲು ಬಾಚಿ ತಂದು ತೋರುಬೆರಳು ಮಧ್ಯಬೆರಳಿನ ನಡುವೆ ಸಿಕ್ಕಿಸಿ, ಗೆರೆ ನೇರ ಬರ್ಲಿ ಅಂತ ಕೆಳಗೆ ಜಗ್ಗಿ ಹಿಡೀತಾರೆ, ಹಿಡಿದ ಬೆರಳು ಬೆಳ್ಳಗಾಗಿರತ್ತೆ, ಅಲ್ಲೇ ಕತ್ತರಿ ಓಡತ್ತೆ. ಮುಂಗೂದಲಿಗೆ ಬೆರಳೇ ಹಾಕಬೇಡಿ, ಬಾಚಣಿಗೆ ಹಲ್ಲಲ್ಲಿ ಸುಮ್ನೆ ಇಳಿಬಿಟ್ಟು, ಬೇಕಾದ ಅಳತೆಗಿಂತ ಒಂದು ಬೆರಳು ಕೆಳಗೆ ಕಟ್ ಮಾಡಿ, ಒಣಗಿಸಿ, ಆಮೇಲೆ ಉಳಿದಿದ್ದು ತೆಗೀರಿ. ಕಿವಿಯ ಮೇಲೂ ಇದೇ, ಅಲ್ಲಿ ಬಿಗಿ ಹಿಡಿದು ಕತ್ತರಿಸಿದ್ರೆ, ಬಿಟ್ಟ ಮೇಲೆ ಆ ಕೂದಲನ್ನ ಕಿವಿ ಹೊರಗೆ ದೂಡಿ ಗೆರೆಯಲ್ಲಿ ಒಂದು ತೂತು ಬಿದ್ದ ಹಾಗೆ ಕಾಣತ್ತೆ.

ಅದಕ್ಕೇ ಕಸ್ಟಮರ್ ಬಂದು ಕೂತ ಕೂಡ್ಲೇ ಸ್ಪ್ರೇ ಬಾಟಲಿ ಎತ್ಕೋಬೇಡಿ. ಒಣಗಿರುವಾಗಲೇ ನೋಡಿ, ಸುಳಿ ಎಲ್ಲಿದೆ, ಯಾವ ಕಡೆ ತಿರುಗಿದೆ, ಹಿಂದೆ ಕುತ್ತಿಗೆ ಹತ್ರ ಕೂದಲು ಮೇಲ್ಮುಖ ಬೆಳೀತಿದ್ಯಾ. ಬೇರು ಚರ್ಮದೊಳಗೆ ಯಾವ ಕೋನದಲ್ಲಿ ಕೂತಿದ್ಯೋ ಅದನ್ನ ಯಾವ ಕತ್ತರಿಯೂ ಬದಲಾಯಿಸಲ್ಲ, ಸುಳಿ ಇರೋ ಕಡೆ ತೀರಾ ಗಿಡ್ಡ ಮಾಡಿದ್ರೆ ಎದ್ದು ನಿಲ್ಲತ್ತೆ, ಸ್ವಲ್ಪ ಉದ್ದ ಬಿಟ್ರೆ ತನ್ನ ಭಾರಕ್ಕೆ ತಾನೇ ಮಲಗತ್ತೆ. "ಎಷ್ಟು ಕಟ್ ಮಾಡ್ಲಿ" ಅಂತ ಕೇಳಿದ್ರೆ ಎಲ್ಲರೂ "ಸ್ವಲ್ಪ" ಅಂತಾರೆ, ಆ ಸ್ವಲ್ಪ ಎಷ್ಟು ಅನ್ನೋದನ್ನ ಅವರ ಬೆರಳಲ್ಲೇ ಅವರ ಕೂದಲ ಮೇಲೆ ತೋರಿಸೋಕೆ ಹೇಳಿ. ಮನೇಲಿ ಡ್ರೈಯರ್ ಇದ್ಯಾ ಇಲ್ಲಾ ಫ್ಯಾನ್ ಕೆಳಗೆ ಕೂತು ಒಣಗಿಸ್ತಾರಾ, ಇದನ್ನೂ ಕೇಳಿ.

ಇನ್ನು ಕತ್ತರಿಸುವಾಗ ಕೂದಲನ್ನ ಎತ್ತಿ ಹಿಡಿಯೋ ಕೋನ. ಕೂದಲನ್ನ ಭಾಗ ಭಾಗ (ಸೆಕ್ಷನ್) ಮಾಡಿ, ಮೊದಲು ಕತ್ತರಿಸಿದ ಎಳೆಯನ್ನೇ ಉಳಿದಿದ್ದಕ್ಕೆ ಅಳತೆ (ಗೈಡ್) ಮಾಡ್ಕೊಂಡು, ಕೂದಲನ್ನ ಎತ್ತದೆ ಇದ್ದಲ್ಲೇ ಕತ್ತರಿಸಿದ್ರೆ ಅದು 0 ಡಿಗ್ರಿ, ಎಲ್ಲಾ ಒಂದೇ ಗೆರೆಗೆ ಬಂದು ಭಾರ ಕೆಳಗೆ ನಿಲ್ಲತ್ತೆ. 45ಕ್ಕೆ ಎತ್ತಿದ್ರೆ ತುದಿಗಳು ಮೆಟ್ಟಿಲು ಮೆಟ್ಟಿಲಾಗಿ ಕೂರತ್ತೆ. ತಲೆಯಿಂದ ನೇರ ಹೊರಗೆ 90ಕ್ಕೆ ಹಿಡಿದ್ರೆ ಲೇಯರ್, ಅಂದ್ರೆ ಪದರ ಪದರ. 1960ರ ದಶಕದಲ್ಲಿ ಲಂಡನ್ನಿನ ಕೇಶ ವಿನ್ಯಾಸಕ ವಿಡಾಲ್ ಸಸೂನ್ ಹೆಸರು ಮಾಡಿದ್ದು ಈ ಜ್ಯಾಮಿತಿಯಿಂದಲೇ, ರೋಲರ್ರು ಸ್ಪ್ರೇ ಹಂಗಿಲ್ದೆ ಕೂದಲು ತಾನಾಗಿ ತನ್ನ ಜಾಗಕ್ಕೆ ಬೀಳೋ ಹಾಗೆ ಕತ್ತರಿಸಿದ್ರು. ಆದ್ರೆ ಲೇಯರ್ ಅಂದ್ರೆ ಭಾರ ತೆಗೆಯೋದು, ದಟ್ಟ ಗುಂಗುರು ಕೂದಲಿಗೆ ಜೂನ್‌ನಲ್ಲಿ ಸಿಕ್ಕಾಪಟ್ಟೆ ಲೇಯರ್ ಹಾಕಿ ಮೇಲಿಂದ ಕೂದಲು ತೆಳು ಮಾಡೋ ಹಲ್ಲಿನ (ಥಿನ್ನಿಂಗ್) ಕತ್ತರಿನೂ ಆಡಿಸಿದ್ರೆ ಹಿಡಿದಿಡೋ ಭಾರ ಇಲ್ದೆ ತೇವಕ್ಕೆ ಎಲ್ಲಾ ಉಬ್ಬಿ ನಿಲ್ಲತ್ತೆ. ಅದೇ ಕಟ್ ಜನವರಿಯಲ್ಲಿ ಶಿರಸಿಯ ಒಣ ಚಳಿಗೆ ಅಡ್ಡಿಲ್ಲ. ಮೊಬೈಲಲ್ಲಿ ಫೋಟೋ ತೋರಿಸಿದ್ರು ಅಂತ ಮಾಡ್ಬಿಡೋದು ನನಗಂತೂ ಸರಿ ಕಾಣಲ್ಲ, ಮೊದಲೇ ಹೇಳಿಬಿಡೋದು ಒಳ್ಳೇದು.

ತಲೆಗೆ ಎಣ್ಣೆ ಹಚ್ಕೊಂಡು ಬಂದ ಅಮ್ಮಂದಿರ ಮೇಲೆ ರೇಗಬೇಡಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯೋ ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದಾಗ ಕೂದಲಿನ ಪ್ರೋಟೀನ್ ಸೋರಿ ಹೋಗೋದನ್ನ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ, ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೆಟ್ಟಗೆ, ಹಾಗಾಗಿ ಕೂದಲೊಳಗೆ ಇಳಿಯತ್ತೆ. ಎಳೆ ಎಳೆ ಅಂಟ್ಕೊಂಡ್ರೆ ಸೆಕ್ಷನ್ ಬಿಡಿಸೋಕಾಗಲ್ಲ ಅನ್ನೋದಕ್ಕಷ್ಟೇ ಶಾಂಪೂ ಮಾಡ್ಬೇಕು.

ಕತ್ತರಿಯಲ್ಲಿ ಪೇಪರ್ ಪ್ಯಾಕೆಟ್ ಕತ್ತರಿಸೋರಿಗೆ ಒಂದು ಮಾತು. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮೈಕ್ರೋಸ್ಕೋಪಲ್ಲಿ ನೋಡಿದ್ರು, ಶೇವಿಂಗ್ ಬ್ಲೇಡಿನ ಸ್ಟೀಲಿಗಿಂತ 50 ಪಟ್ಟು ಮೆದು ಇರೋ ಕೂದಲು ಕೂಡ ಅದರ ಅಂಚನ್ನ ಚೂರು ಚೂರೇ ಒಡೆಯತ್ತೆ, ಇನ್ನು ಪೇಪರ್ ಕತ್ತರಿಸಿದ್ರೆ ಕೇಳ್ಬೇಕಾ? ಮೊಂಡಾದ ಅಂಚು ಕೂದಲನ್ನ ಕತ್ತರಿಸಲ್ಲ, ಜಜ್ಜತ್ತೆ, ಸೀಳು ತುದಿ ಶುರುವಾಗೋದು ಅಲ್ಲಿಂದ.

ಶಾಂಪೂ ಬೇಸಿನ್ ಹತ್ರ ಮಾತ್ರ ಅವಸರ ಬೇಡ. ಕುತ್ತಿಗೆ ತುಂಬಾ ಹಿಂದಕ್ಕೆ ಬಗ್ಗಿದ್ರೆ ಮೆದುಳಿಗೆ ಹೋಗೋ ರಕ್ತನಾಳಕ್ಕೆ ಪೆಟ್ಟಾಗಿ ಸ್ಟ್ರೋಕ್ ಆಗಬಹುದು, ಅಪರೂಪ ಹೌದು, ಆದ್ರೆ 1993ರಲ್ಲೇ ಮೈಕೆಲ್ ವೈಂಟ್ರಾಬ್ ಅನ್ನೋ ಅಮೆರಿಕದ ನರರೋಗ ವೈದ್ಯರು ಇದನ್ನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ರು. ಟವೆಲ್ ಸುತ್ತಿ ಕುತ್ತಿಗೆ ಕೆಳಗೆ ಇಡಿ, ವಯಸ್ಸಾದವರಿಗೆ ಮುಂದಕ್ಕೆ ಬಗ್ಗಿಸಿಯೇ ತೊಳೀರಿ, ತಲೆ ತಿರುಗ್ತಿದೆ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಗಂಡಸರ ಸಲೂನಲ್ಲಿ ಕೊನೆಗೆ ಕುತ್ತಿಗೆ ಲಟಕ್ ಅನ್ನಿಸೋ ಸೇವೆಯನ್ನೂ ಬಿಟ್ಟುಬಿಡಿ, ಎಷ್ಟೇ ಕೇಳ್ಲಿ.

ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಬೇಡ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರಬಲ್ಲದು, ಹಾಗಾಗಿ ಪಟಿಕದ ಒಂದೇ ಕಲ್ಲನ್ನ ಎಲ್ಲರ ಗಲ್ಲಕ್ಕೂ ಉಜ್ಜೋದೂ ಬೇಡ. ಬಾಚಣಿಗೆ ಮೊದಲು ಸೋಪಲ್ಲಿ ತೊಳೆದು ಕೂದಲು ಕೊಳೆ ಎಲ್ಲಾ ತೆಗೆದು ಆಮೇಲೆ ಸೋಂಕು ನಿವಾರಕಕ್ಕೆ ಹಾಕಿ, ಕೊಳೆ ಇದ್ರೆ ಔಷಧಿ ಒಳಗೆ ಮುಟ್ಟಲ್ಲ. ಕತ್ತರಿಯನ್ನ ಬ್ಲೀಚ್ ನೀರಲ್ಲಿ ನೆನೆಸಿಟ್ರೆ ಸ್ಟೀಲ್ ತಿಂದು ಹೋಗತ್ತೆ, ಅದಕ್ಕೆ 70 ಪರ್ಸೆಂಟ್ ಆಲ್ಕೋಹಾಲ್, ಒರೆಸಿ ಒಣಗಿಸಿ ಸ್ಕ್ರೂ ಹತ್ರ ಒಂದು ತೊಟ್ಟು ಮಷಿನ್ ಎಣ್ಣೆ, ಇಲ್ದಿದ್ರೆ ಈ ಉಪ್ಪುಗಾಳಿಗೆ ತುಕ್ಕು ಗ್ಯಾರಂಟಿ.