ಕರುಳಿನ ಕಾಯಿಲೆಗೆ ದೇಣಿಗೆ: ಸಂಶೋಧನೆಗೋ, ಆರೈಕೆಗೋ?

ಪ್ರಶ್ನೆ: ಮನೆಯವರೊಬ್ಬರಿಗೆ ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ಉರಿಯೂತ ಮತ್ತೆ ಮತ್ತೆ ಮರುಕಳಿಸುವ ದೀರ್ಘಕಾಲದ ಕಾಯಿಲೆ) ಇದೆ. ಕೈಲಾದಷ್ಟು ದೇಣಿಗೆ ಕೊಡಬೇಕೆಂದಿದ್ದೇನೆ. ಸಂಶೋಧನೆಗೆ ಕೊಡಲೋ, ಈಗ ನರಳುತ್ತಿರುವವರ ಆರೈಕೆಗೋ?

ಉತ್ತರ: ಒಂದೇ ಸಲ ಕೊಡುವ ಹಣವಾದರೆ ಆರೈಕೆಗೆ ಕೊಡಿ. ಮೊತ್ತ ಚಿಕ್ಕದಾದರೂ ವರ್ಷವರ್ಷವೂ ಕೊಡಬಲ್ಲಿರಾದರೆ ಸಂಶೋಧನೆಗೆ ಕೊಡಿ.

ಸಂಶೋಧನೆ ನಿಧಾನದ ಕೆಲಸ. ಕ್ರೋನ್ಸ್ ಕಾಯಿಲೆಯನ್ನು ನ್ಯೂಯಾರ್ಕಿನ ಮೂವರು ವೈದ್ಯರು ವಿವರವಾಗಿ ಬರೆದಿಟ್ಟದ್ದು 1932ರಲ್ಲಿ. ಆ ಕಾಯಿಲೆಗೆ ಮೊದಲ ಜೈವಿಕ ಔಷಧ (ಜೀವಕೋಶಗಳಲ್ಲಿ ತಯಾರಿಸುವ ಔಷಧ) ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕದ್ದು 1998ರಲ್ಲಿ. ಈ ಕಾಯಿಲೆಗೆ ನಂಟಿರುವ ಮೊದಲ ಜೀನ್ ನಾಡ್2 ಪತ್ತೆಯಾದದ್ದು 2001ರಲ್ಲಿ. ಔಷಧಗಳು ಹೆಚ್ಚಿದರೂ ಯಾವುದು ಯಾರಿಗೆ ಒಗ್ಗುತ್ತದೆಂದು ಮೊದಲೇ ಹೇಳುವ ಖಚಿತ ಪರೀಕ್ಷೆ ಇನ್ನೂ ಬಂದಿಲ್ಲ.

ಇಲ್ಲಿ ದೇಣಿಗೆಗೆ ಎರಡು ಕಡೆ ನಿಜವಾದ ಬೆಲೆ ಇದೆ. ಒಂದು, ಪ್ರಾಥಮಿಕ ಪ್ರಯೋಗ. ದೊಡ್ಡ ನಿಧಿಗಳು 'ಮೊದಲ ಫಲಿತಾಂಶ ತೋರಿಸಿ, ಆಮೇಲೆ ಹಣ' ಎನ್ನುತ್ತವೆ. ಆ ಮೊದಲ ಫಲಿತಾಂಶಕ್ಕೇ ಹಣ ಇರುವುದಿಲ್ಲ. ಎರಡು, ಪೇಟೆಂಟ್ ಸಿಗದ ವಿಷಯಗಳು. ಕ್ರೋನ್ಸ್ ಇರುವ ಮಕ್ಕಳಿಗೆ 6ರಿಂದ 8 ವಾರ ಬರೀ ದ್ರವ ಪೌಷ್ಟಿಕಾಂಶ ಕೊಟ್ಟು ಉರಿಯೂತ ಇಳಿಸುವ ಚಿಕಿತ್ಸೆ ಇದೆ. ಅದು ಹೇಗೆ ಕೆಲಸ ಮಾಡುತ್ತದೆಂಬುದು ಪೂರ್ತಿ ಬಿಡಿಸದ ಒಗಟು. ಆಹಾರ, ಹಳೆಯ ಅಗ್ಗದ ಮಾತ್ರೆಗಳ ಹೋಲಿಕೆ, ಇಂಥವುಗಳಿಗೆ ಕಂಪನಿಗಳು ಕೈ ಬಿಚ್ಚುವುದು ಅಪರೂಪ. ಇನ್ನು ರಕ್ತ, ಮಲ, ಕರುಳಿನ ಚೂರುಗಳ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಕಾಯ್ದಿಡಬೇಕು. ಒಂದು ವರ್ಷ ಹಣ ಬಂದು ಮರುವರ್ಷ ನಿಂತರೆ ಫ್ರೀಜರ್‌ನ ವಿದ್ಯುತ್ತಿಗೂ ಪರದಾಟ. ನಿಯಮಿತ ದೇಣಿಗೆ ಎಂದದ್ದು ಅದಕ್ಕೇ.

ಆರೈಕೆಯಲ್ಲಿ ಹಣ ಬೇಗ ಕೈಗೆ ತಲುಪುತ್ತದೆ: ಫೋನಿಗೆ ಸಿಗುವ ತರಬೇತಾದ ನರ್ಸ್, ಆಸ್ಪತ್ರೆಗೆ ಓಡಾಟದ ಖರ್ಚು, ಸ್ಟೋಮಾ (ಮಲ ಹೊರಬರಲು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಮೇಲೆ ಮಾಡಿದ ದ್ವಾರ) ಚೀಲಗಳು. ಆದರೆ ಹೆಚ್ಚಿನವರು ಎಡವುವುದೂ ಇಲ್ಲೇ. ಮನಸ್ಸು ಕರಗಿ ಮನೆಯಲ್ಲಿ ಉಳಿದ ಚೀಲ, ಔಷಧ ಎಲ್ಲ ಕಟ್ಟಿ ಕಳಿಸುತ್ತಾರೆ. ಚೀಲದ ತಳಪಟ್ಟಿಯ ರಂಧ್ರ ಸ್ಟೋಮಾದ ಅಳತೆಗೆ ಹೊಂದಬೇಕು; ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸುಟ್ಟಂತಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ 6ರಿಂದ 8 ವಾರ ಸ್ಟೋಮಾ ಕುಗ್ಗುತ್ತಲೇ ಇರುವುದರಿಂದ ಆ ಅಳತೆಯೂ ಬದಲಾಗುತ್ತದೆ. ಬಿಸಿಲಿಗೆ, ಸೆಕೆಗೆ ಸಿಕ್ಕ ಅಂಟು ಹಿಡಿಯುವುದಿಲ್ಲ. ಚುಚ್ಚುಮದ್ದಿನ ಜೈವಿಕ ಔಷಧಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ನಡುವೆ ಎಷ್ಟು ಹೊತ್ತು ಹೊರಗಿತ್ತು ಎಂದು ನೋಡಿದರೆ ತಿಳಿಯದು. ಹಾಗಾಗಿ ತೆರೆದ ಪೆಟ್ಟಿಗೆ, ಉಳಿದ ಔಷಧ ಬೇಡ. ಹಣ ಕೊಡಿ, ಅಳತೆ ಗೊತ್ತಿರುವ ನರ್ಸ್ ಕೊಳ್ಳಲಿ.

ಸಂಸ್ಥೆ ಆರಿಸುವಾಗ ಲೆಕ್ಕಪರಿಶೋಧಿತ ವಾರ್ಷಿಕ ವರದಿ ಕೇಳಿ. ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ಹಿಡಿದು ಕೂರಬೇಡಿ; ಅರ್ಜಿ ಪರಿಶೀಲಿಸಲು, ಲೆಕ್ಕ ಇಡಲು ಜನ ಬೇಕೇ ಬೇಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ಸಂಶೋಧನಾ ಅರ್ಜಿಗಳನ್ನು ಹೊರಗಿನ ತಜ್ಞರು ಓದುತ್ತಾರೆಯೇ? ಔಷಧ ಕಂಪನಿಗಳಿಂದ ಬಂದ ಹಣವನ್ನು ಬೇರೆಯಾಗಿ ತೋರಿಸಿದ್ದಾರೆಯೇ? ಮೀಸಲು ನಿಧಿ ಎಷ್ಟು ತಿಂಗಳ ಖರ್ಚಿಗೆ ಸಾಕು? ಹತ್ತಾರು ವರ್ಷಕ್ಕೆ ಆಗುವಷ್ಟು ಕೂಡಿಟ್ಟುಕೊಂಡು ಇನ್ನೂ 'ತುರ್ತು' ಎನ್ನುವವರನ್ನು ಕಾರಣ ಕೇಳಿ.

ನಮೂನೆಯಲ್ಲಿ ಉದ್ದೇಶದ ಜಾಗ ಇರುತ್ತದೆ. 'ಸಂಶೋಧನೆ' ಅಥವಾ 'ರೋಗಿಗಳ ಆರೈಕೆ' ಎಂದಷ್ಟೇ ಬರೆಯಿರಿ. 'ಇಂಥ ಔಷಧದ ಅಧ್ಯಯನಕ್ಕೆ ಮಾತ್ರ' ಎಂದು ಕಟ್ಟಿಹಾಕಿದರೆ, ಆ ಅಧ್ಯಯನ ನಿಂತ ದಿನ ನಿಮ್ಮ ಹಣವೂ ಬೇರೆಡೆಗೆ ಹೋಗಲಾಗದೆ ಅಲ್ಲೇ ಕೂತಿರುತ್ತದೆ.

ಒಬ್ಬ ರೋಗಿಯ ಹೆಸರಲ್ಲಿ ಆನ್‌ಲೈನ್ ಮನವಿ ಬಂದರೆ ಹಣವನ್ನು ರೋಗಿಯ ನೋಂದಣಿ ಸಂಖ್ಯೆ ನಮೂದಿಸಿ ನೇರವಾಗಿ ಆಸ್ಪತ್ರೆಯ ಖಾತೆಗೆ ಹಾಕಿ. ಮನವಿಯಲ್ಲಿ 'ಕ್ರೋನ್ಸ್ ಶಾಶ್ವತ ಗುಣ' ಎಂಬ ಚಿಕಿತ್ಸೆಯ ಮಾತಿದ್ದರೆ ಕೊಡಬೇಡಿ. ಕ್ರೋನ್ಸ್ ಹತೋಟಿಗೆ ಬರುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಬುಡಸಮೇತ ಕೀಳುವ ಔಷಧ ಸದ್ಯಕ್ಕೆ ಇಲ್ಲ.