ಹಳೆಯ ಲ್ಯಾಪ್‌ಟಾಪಿಗೆ ಹೊಸ ವೈಫೈ ಕಾರ್ಡ್: ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ಕೊಡಗಿನಲ್ಲಿ ಮಾರ್ಚ್‌ನಿಂದ ಮೇ ತನಕ ಗುಡುಗು ಸಿಡಿಲಿನೊಂದಿಗೆ ಬರುವ ಮಳೆ ಕಾಫಿಯ ಹೂವಿಗೆ ಎಷ್ಟು ಬೇಕೋ ಮನೆಯ ಮೋಡೆಮ್, ರೌಟರ್‌ಗಳಿಗೆ ಅಷ್ಟೇ ಕಂಟಕ. ಸಿಡಿಲಿಗೆ ರೌಟರ್ ಸುಟ್ಟುಹೋಗುತ್ತದೆ. ಹೊಸದು ಬಂದ ಮೇಲೆ ಮನೆಯವರ ಫೋನುಗಳೆಲ್ಲ ಅದಕ್ಕೆ ಸೇರಿಕೊಳ್ಳುತ್ತವೆ. ಎಂಟು ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಮಾತ್ರ ಆ ವೈಫೈ ಹೆಸರನ್ನು ತೋರಿಸುವುದೇ ಇಲ್ಲ. ಅದರೊಳಗಿನ ವೈಫೈ ಕಾರ್ಡೂ ಸಿಡಿಲಿಗೆ ಹೋಗಿರಬೇಕು ಎಂದು ತೀರ್ಮಾನಿಸಿ, ಆನ್‌ಲೈನಿನಲ್ಲಿ ಹೊಸ ಕಾರ್ಡ್ ತರಿಸಿ, ತಾವೇ ಹಾಕಿ, ಅದೂ ಕೆಲಸ ಮಾಡದಿದ್ದಾಗ ನನ್ನ ಅಂಗಡಿಗೆ ಬರುವವರು ಪ್ರತಿ ಬೇಸಿಗೆಯ ಕೊನೆಯಲ್ಲೂ ಇರುತ್ತಾರೆ. ಹೊಸ ಕಾರ್ಡೇ ಕೆಟ್ಟದ್ದು ಬಂದಿದೆ ಎಂಬುದು ಅವರ ದೂರು. ನಿಜವಾಗಿ ಕೆಟ್ಟ ಕಾರ್ಡ್ ಬರುವುದು ಅಪರೂಪ.

ಇಂಥ ಲ್ಯಾಪ್‌ಟಾಪ್ ಬಂದಾಗ ನಾನು ಮೊದಲು ಕೇಳುವುದು ತೆಗೆದಿಟ್ಟ ಹಳೆಯ ಕಾರ್ಡನ್ನು. ಅದನ್ನೇ ಮತ್ತೆ ಕೂರಿಸಿ, ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು ಪಕ್ಕದಲ್ಲಿಟ್ಟರೆ, ಅನೇಕ ಬಾರಿ ಹಾಟ್‌ಸ್ಪಾಟಿನ ಹೆಸರು ಕಾಣಿಸಿಕೊಳ್ಳುತ್ತದೆ. ಹಾಗೆ ಕಾಣಿಸಿದರೆ ಕಾರ್ಡ್ ಕೆಟ್ಟಿಲ್ಲ, ಬದಲಾಗಿರುವುದು ರೌಟರ್ ಎಂದು ತಿಳಿಯಬೇಕು. ಇಂಟೆಲ್‌ನ 3165, 7265, 8260 ಮೊದಲಾದ ಕಾರ್ಡುಗಳ ಹಳೆಯ ಡ್ರೈವರ್‌ಗಳಿಗೆ (ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ) ವೈಫೈ 6 ರೌಟರಿನ ಪ್ರಸಾರವನ್ನು ಓದಲು ಬರುವುದಿಲ್ಲವಾದ್ದರಿಂದ ಆ ಹೆಸರು ಪಟ್ಟಿಗೇ ಬರುವುದಿಲ್ಲ. ಇದನ್ನು ತಯಾರಕರೇ ತಿಳಿಸಿದ್ದಾರೆ, ಸರಿಪಡಿಸಿದ ಡ್ರೈವರನ್ನೂ ಕೊಟ್ಟಿದ್ದಾರೆ. ಡ್ರೈವರ್ ಹೊಸದು ಮಾಡಿದರೆ, ಅಥವಾ ರೌಟರಿನ ಸೆಟ್ಟಿಂಗ್‌ನಲ್ಲಿ 802.11ಎಎಕ್ಸ್ ಎಂಬುದನ್ನು (ವೈಫೈ 6ರ ಇನ್ನೊಂದು ಹೆಸರು) ತಾತ್ಕಾಲಿಕವಾಗಿ ನಿಲ್ಲಿಸಿದರೆ, ಒಂದು ರೂಪಾಯಿಯೂ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ. ಹೆಸರು ಕಾಣಿಸಿಯೂ ಸೇರಿಕೊಳ್ಳದಿದ್ದರೆ ರೌಟರ್ ಡಬ್ಲ್ಯೂಪಿಎ3 ಎಂಬ ಹೊಸ ಭದ್ರತಾ ಕ್ರಮದಲ್ಲಿ ಮಾತ್ರ ಇದೆಯೇ ಎಂದು ನೋಡಿ, ಹಿಂದಿನ ಡಬ್ಲ್ಯೂಪಿಎ2 ಕೂಡ ಇರುವ ಮಿಶ್ರ ಕ್ರಮಕ್ಕೆ ಬದಲಿಸಬೇಕು. ಹಳೆಯ ಕಾರ್ಡ್ 2.4 ಗಿಗಾಹರ್ಟ್ಸ್‌ದು ಮಾತ್ರವಾಗಿದ್ದರೆ 5 ಗಿಗಾಹರ್ಟ್ಸ್‌ನ ಹೆಸರು ಅದಕ್ಕೆ ಎಂದೂ ಕಾಣಿಸದು. ಕಾರ್ಡ್ ಬದಲಿಸುವುದಕ್ಕೆ ಇದು ನ್ಯಾಯವಾದ ಕಾರಣ.

ಬದಲಿಸಲೇಬೇಕೆಂದಾದರೆ ಕೊಳ್ಳುವಾಗಲೇ ಅರ್ಧ ತೊಂದರೆ ತಪ್ಪಿಸಬಹುದು. 2013, 2014ರ ಸುಮಾರಿನವರೆಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. 30 ಮಿಲಿಮೀಟರ್ ಅಗಲ, 52 ಪಿನ್. ಅದರ ನಂತರದವುಗಳಲ್ಲಿ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಎಂ.2 ಕಾರ್ಡ್ ಇರುತ್ತದೆ. ಇವೆರಡನ್ನು ಕಣ್ಣಿನಿಂದಲೇ ಗುರುತಿಸಬಹುದಾದ್ದರಿಂದ ಇಲ್ಲಿ ತಪ್ಪುವವರು ಕಡಿಮೆ. ಜನ ಎಡವುವುದು ಎಂ.2 ಕಾರ್ಡುಗಳ ಒಳಗಿನ ಭೇದದಲ್ಲಿ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ನೋಡುವುದಕ್ಕೆ ಒಂದೇ ಅಳತೆಯವು, ಆಂಟೆನಾ ಕೊಂಡಿಗಳೂ ಒಂದೇ. ಆದರೆ ಎಎಕ್ಸ್200 ತಾನೇ ಪೂರ್ಣವಾದ ಕಾರ್ಡ್ ಆಗಿದ್ದು ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಕೆಲಸ ಮಾಡಿದರೆ, ಎಎಕ್ಸ್201ರಲ್ಲಿ ಇರುವುದು ರೇಡಿಯೊ ಭಾಗವಷ್ಟೇ, ಉಳಿದ ಕೆಲಸವನ್ನು ಮಾಡಬೇಕಾದ ಭಾಗ ಲ್ಯಾಪ್‌ಟಾಪಿನ ಚಿಪ್‌ಸೆಟ್‌ನೊಳಗೆ ಇರುತ್ತದೆ. ಈ ಸಿಎನ್‌ವಿಐ ಎಂಬ ಏರ್ಪಾಡು ಇಂಟೆಲ್‌ನ ಸುಮಾರು ಎಂಟನೆಯ ತಲೆಮಾರಿನಿಂದ ಈಚಿನ ಕೆಲವು ವೇದಿಕೆಗಳಲ್ಲಿ ಮಾತ್ರ ಇದೆ. ಅದಕ್ಕಿಂತ ಹಳೆಯದರಲ್ಲಿ ಅಥವಾ ಎಎಂಡಿ ಪ್ರೊಸೆಸರಿನ ಲ್ಯಾಪ್‌ಟಾಪಿನಲ್ಲಿ ಎಎಕ್ಸ್201 ಹಾಕಿದರೆ ಕಾರ್ಡ್ ಇದೆ ಎಂಬ ಸುಳಿವೇ ಯಂತ್ರಕ್ಕೆ ಸಿಗುವುದಿಲ್ಲ. 9560 ಮತ್ತು ಎಎಕ್ಸ್211 ಕೂಡ ಇದೇ ಜಾತಿಯವು; 9260, ಎಎಕ್ಸ್200, ಎಎಕ್ಸ್210 ಪೂರ್ಣ ಕಾರ್ಡುಗಳು. ಕುಶಾಲನಗರದ ಒಬ್ಬ ವಿದ್ಯಾರ್ಥಿ ಆರನೆಯ ತಲೆಮಾರಿನ ಲ್ಯಾಪ್‌ಟಾಪಿಗೆ ಎಎಕ್ಸ್201 ತರಿಸಿಕೊಂಡು ಬಂದಿದ್ದ. “ಸರ್, ಸ್ಕ್ರೂ ರಂಧ್ರಕ್ಕೂ ಸರಿಯಾಗಿ ಕೂತಿತ್ತಲ್ಲ?” ಎಂದು ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಹೊರನೋಟದಲ್ಲಿ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಕಾರ್ಡಿನ ಮೇಲಿನ ಚೀಟಿಯನ್ನು ಓದುವುದೇ ಖಚಿತ ದಾರಿ.

ಸರಿಯಾದ ಕಾರ್ಡನ್ನೇ ಹಾಕಿಯೂ ವೈಫೈ ಇಲ್ಲವೆಂದರೆ, ವಿಚಾರಣೆಯನ್ನು ವಿಂಡೋಸ್ ತೆರೆದ ಮೇಲೆ ಆರಂಭಿಸಬಾರದು, ಪವರ್ ಒತ್ತಿದ ಕ್ಷಣದಿಂದ ಆರಂಭಿಸಬೇಕು. 2010ರ ದಶಕದ ಮೊದಲರ್ಧದವರೆಗಿನ ಹಲವು ಥಿಂಕ್‌ಪ್ಯಾಡ್ ಮತ್ತು ಎಚ್‌ಪಿ ಮಾದರಿಗಳ ಬಯೋಸ್‌ನಲ್ಲಿ (ಪವರ್ ಒತ್ತಿದೊಡನೆ ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಒಪ್ಪಿತ ಕಾರ್ಡುಗಳ ಪಟ್ಟಿಯೊಂದಿದೆ. ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಥಿಂಕ್‌ಪ್ಯಾಡ್ 1802 ಎಂಬ ಸಂಖ್ಯೆಯೊಂದಿಗೆ, ಅನಧಿಕೃತ ನೆಟ್‌ವರ್ಕ್ ಕಾರ್ಡ್ ಇದೆ, ಪವರ್ ಆಫ್ ಮಾಡಿ ತೆಗೆಯಿರಿ ಎಂಬ ಸಂದೇಶ ತೋರಿಸಿ ಅಲ್ಲಿಗೇ ನಿಲ್ಲುತ್ತದೆ. ಎಚ್‌ಪಿಯಲ್ಲಿ 104 ಎಂಬ ಸಂಖ್ಯೆಯ ಸಂದೇಶ ಬರುತ್ತದೆ. ಈ ಪಟ್ಟಿ ಚಿಪ್ಪಿನ ಹೆಸರನ್ನಷ್ಟೇ ಅಲ್ಲ, ಲ್ಯಾಪ್‌ಟಾಪ್ ಕಂಪನಿ ತನ್ನದೆಂದು ಕಾರ್ಡಿನಲ್ಲಿ ಬರೆಸಿದ ಗುರುತನ್ನೂ ನೋಡುವುದರಿಂದ, ಅದೇ ಇಂಟೆಲ್ ಮಾದರಿಯ ಬಿಡಿ ಕಾರ್ಡ್ ತಂದರೂ ತಿರಸ್ಕಾರವಾಗಬಹುದು. ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಬಿಡಿಭಾಗದ ಸಂಖ್ಯೆಯನ್ನು ನೋಡಿ, ಅದೇ ಸಂಖ್ಯೆಯ ಬಳಸಿದ ಕಾರ್ಡನ್ನು ಹುಡುಕುವುದು ಸುರಕ್ಷಿತ ಮಾರ್ಗ. ಬಯೋಸನ್ನೇ ತಿದ್ದಿ ಪಟ್ಟಿಯನ್ನು ತೆಗೆದುಹಾಕುವವರೂ ಇದ್ದಾರೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮ ಊರುಗಳಲ್ಲಿ, ಅರ್ಧ ಬರೆದ ಬಯೋಸ್ ಇಡೀ ಮದರ್‌ಬೋರ್ಡನ್ನೇ ನಿಷ್ಪ್ರಯೋಜಕ ಮಾಡಬಹುದಾದ್ದರಿಂದ, ಒಂದು ವೈಫೈ ಕಾರ್ಡಿಗಾಗಿ ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಯಂತ್ರ ಸುಗಮವಾಗಿ ತೆರೆದುಕೊಂಡರೆ ಮುಂದಿನ ಪ್ರಶ್ನೆ, ವಿಂಡೋಸಿನ ಯಂತ್ರಭಾಗಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಯಾವ ರೂಪದಲ್ಲಾದರೂ ಇದೆಯೇ ಎಂಬುದು. ಹಳದಿ ಗುರುತಿನೊಂದಿಗೆ ಕೋಡ್ 28 ಎಂದಿದ್ದರೆ ಡ್ರೈವರ್ ಇಲ್ಲವೆಂದಷ್ಟೇ ಅರ್ಥ. ವಾಸ್ತವದಲ್ಲಿ ಇದು ಶುಭಸೂಚನೆ, ಏಕೆಂದರೆ ಯಂತ್ರ ಕಾರ್ಡನ್ನು ಕಂಡಿದೆ. ಅದರ ವಿವರಗಳಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ತಯಾರಕರ ಸಂಖ್ಯೆ ಸಿಗುತ್ತದೆ: 8086 ಎಂದರೆ ಇಂಟೆಲ್, 168ಸಿ ಎಂದರೆ ಅಥೆರೋಸ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು ಎಂದು ಕೈಚೆಲ್ಲುವ ಅಗತ್ಯವಿಲ್ಲ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡಿ ಫೋನಿನ ಇಂಟರ್ನೆಟ್ ಪಡೆದರೆ ಸಾಕು. ಆದರೆ ಎಎಕ್ಸ್200ಕ್ಕೆ ಇಂಟೆಲ್ ವಿಂಡೋಸ್ ಡ್ರೈವರ್ ಕೊಡುವುದು 64 ಬಿಟ್‌ನ ವಿಂಡೋಸ್ 10 ಮತ್ತು ಅದರ ನಂತರದವಕ್ಕೆ ಮಾತ್ರ. ಇನ್ನೂ ವಿಂಡೋಸ್ 7ರಲ್ಲೇ ತೋಟದ ಲೆಕ್ಕ ಬರೆಯುವವರಿಗೆ 7260 ಅಥವಾ 7265ರಂಥ ಹಿಂದಿನ ಕಾರ್ಡೇ ಹೊಂದುವುದು. ಕೋಡ್ 10 (ಸಾಧನ ಶುರುವಾಗುತ್ತಿಲ್ಲ) ಎಂದಿದ್ದರೆ ಹಳೆಯ ಕಾರ್ಡಿನ ಡ್ರೈವರನ್ನು ಅಳಿಸಿ, ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್‌ನಲ್ಲಿ ಶಟ್‌ಡೌನ್ ಎಂಬುದು ಪೂರ್ತಿ ಆಫ್ ಆಗುವುದಲ್ಲ.

ದೋಷ ವಿಂಡೋಸಿನದೋ ಕಾರ್ಡಿನದೋ ಎಂದು ತೀರ್ಮಾನವಾಗದಾಗ, ಪೆನ್‌ಡ್ರೈವ್‌ನಿಂದಲೇ ಓಡುವ ಉಬುಂಟುವಿನಂಥ ಲಿನಕ್ಸ್ ನನ್ನ ನೆಚ್ಚಿನ ಸಾಧನ. ಅಲ್ಲಿ ವೈಫೈ ಬಂದರೆ ವಿಂಡೋಸಿನ ಡ್ರೈವರ್ ಕಡೆ ಗಮನ ಹರಿಸಬೇಕು. ಪಿಸಿಐ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ (lspci) ಆದೇಶದ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ತಳ ಬಿಚ್ಚಬೇಕು. ರೇಡಿಯೊಗೆ ತಡೆ ಇದೆಯೇ ಎಂದು ಹೇಳುವ ಆರ್‌ಎಫ್‌ಕಿಲ್ (rfkill) ಆದೇಶ ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ತೋರಿಸಿದರೆ, ರೇಡಿಯೊವನ್ನು ಲ್ಯಾಪ್‌ಟಾಪಿನ ಸ್ವಿಚ್ ಅಥವಾ ಕೀಲಿ ತಡೆದಿದೆ ಎಂದರ್ಥ. ಹಳೆಯ ಮಾದರಿಗಳ ಅಂಚಿನಲ್ಲಿರುವ ಆ ಪುಟ್ಟ ಜಾರುವ ಸ್ವಿಚ್ಚನ್ನು ಮಾಲೀಕರೇ ಮರೆತಿರುತ್ತಾರೆ. ಸ್ವಿಚ್ ಸರಿಯಿದ್ದೂ ತಡೆ ಉಳಿದರೆ, ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ 20ನೆಯ ಪಿನ್ನಿನ ಮೇಲೆ ತೆಳುವಾದ ಕ್ಯಾಪ್ಟಾನ್ (Kapton) ಎಂಬ ವಿದ್ಯುತ್ ನಿರೋಧಕ ಟೇಪ್ ಅಂಟಿಸಿ ಆ ಸಂಕೇತವನ್ನು ಮುಚ್ಚುವುದುಂಟು. ಕೈ ನಡುಗದವರು, ಬೇರೆ ದಾರಿ ಉಳಿಯದಾಗ ಮಾಡಬೇಕಾದ ಕೆಲಸ ಅದು.

ತಳ ಬಿಚ್ಚುವ ಮೊದಲು ಚಾರ್ಜರ್ ತೆಗೆದು ಬ್ಯಾಟರಿಯನ್ನೂ ಕಳಚಬೇಕು. ಬ್ಯಾಟರಿ ಒಳಗೇ ಇರುವ ಮಾದರಿಯಲ್ಲಿ ಅದರ ಕನೆಕ್ಟರನ್ನು ಮೊದಲು ಬಿಡಿಸಬೇಕು, ಏಕೆಂದರೆ ಯಂತ್ರ ಆಫ್ ಇದ್ದರೂ ಕಾರ್ಡ್ ಕೂರುವ ಸ್ಲಾಟಿನಲ್ಲಿ 3.3 ವೋಲ್ಟ್ ಉಳಿದಿರಬಹುದು. ಕೊಡಗಿನಲ್ಲಿ ಬಿಚ್ಚಿದ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ನೋಡುವುದು ಸ್ಲಾಟಿನ ಬಣ್ಣವನ್ನು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿ ಮುಚ್ಚಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಹವೆಯಲ್ಲಿ, ತಿಂಗಳುಗಟ್ಟಲೆ ಬಳಸದೆ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪಿನ ಸ್ಲಾಟಿನ ತಂತಿಗಳ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ. ಬಹುಕಾಲ ಅಲುಗದೆ ಕೂತಿದ್ದ ಹಳೆಯ ಕಾರ್ಡ್ ಹೇಗೋ ಸಂಪರ್ಕ ಉಳಿಸಿಕೊಂಡಿರುತ್ತದೆ. ಅದನ್ನು ಎಳೆದು ಹೊಸದನ್ನು ತೂರಿಸಿದಾಗ ಆ ಪುಡಿ ಸಂಪರ್ಕದ ನಡುವೆ ಸೇರಿ ಹೊಸ ಕಾರ್ಡ್ ಸತ್ತಂತೆ ತೋರುತ್ತದೆ. ಮೊಬೈಲ್ ರಿಪೇರಿಯವರು ಐಪಿಎ ಎನ್ನುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಮೃದುವಾದ ಬ್ರಷ್‌ಗೆ ತಾಗಿಸಿ ಸ್ಲಾಟನ್ನೂ ಕಾರ್ಡಿನ ಚಿನ್ನದ ಲೇಪದ ಅಂಚನ್ನೂ ಸವರಿ, ಪೂರ್ತಿ ಒಣಗಿದ ಮೇಲೆ ಹಾಕಿದರೆ ಇಂಥ ಹಲವು ಕಾರ್ಡುಗಳು ಎದ್ದು ಕೂರುತ್ತವೆ. ರಬ್ಬರಿನಿಂದ ಉಜ್ಜುವ ಹಳೆಯ ಉಪಾಯ ನನಗೆ ಒಪ್ಪಿಗೆಯಿಲ್ಲ. ಲೇಪ ಬಹಳ ತೆಳುವಾದುದು, ಜೊತೆಗೆ ರಬ್ಬರಿನ ಪುಡಿ ಸ್ಲಾಟಿನೊಳಗೆ ಬೀಳುತ್ತದೆ. ಕಾರ್ಡನ್ನು ಓರೆಯಾಗಿ ಹಿಡಿದು ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಬೇಕು. ಚಿನ್ನದ ಅಂಚು ಅರ್ಧ ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಕಂಡರೆ ಕಾರ್ಡ್ ಕೂತಿಲ್ಲ ಎಂದೇ ತಿಳಿಯುತ್ತೇನೆ.

ಎಲ್ಲವೂ ಸರಿಯಿದೆ, ರೌಟರಿನ ಪಕ್ಕ ವೈಫೈ ಬರುತ್ತದೆ, ಮುಂದಿನ ಕೋಣೆಗೆ ಹೋದರೆ ಮಾಯವಾಗುತ್ತದೆ ಎಂಬ ದೂರಿನ ಮೂಲ ಬಹುಪಾಲು ಆಂಟೆನಾ ತಂತಿಗಳಲ್ಲಿರುತ್ತದೆ. ಲ್ಯಾಪ್‌ಟಾಪಿನ ಆಂಟೆನಾ ಸಾಮಾನ್ಯವಾಗಿ ಪರದೆಯ ಮೇಲಂಚಿನಲ್ಲಿದ್ದು, ಅಲ್ಲಿಂದ ಎರಡು ಸಣ್ಣ ತಂತಿಗಳು ಹಿಂಜ್ ಮೂಲಕ ಇಳಿದು ಕಾರ್ಡಿಗೆ ಬರುತ್ತವೆ. ತಂತಿಯ ತುದಿಯ ಗುಂಡು ಕ್ಯಾಪನ್ನು ಕಾರ್ಡಿನ ಮೊಳೆಯ ಮೇಲೆ ನೇರವಾಗಿ ಇಟ್ಟು ಉಗುರಿನಿಂದ ಒತ್ತಿದಾಗ ಚಿಟಿಕೆ ಹೊಡೆದಂಥ ಸಣ್ಣ ಸದ್ದು ಬೆರಳಿಗೇ ತಿಳಿಯಬೇಕು. ಓರೆಯಾಗಿ ಒತ್ತಿದರೆ ಕ್ಯಾಪಿನ ಉಂಗುರ ಅಗಲವಾಗಿ ಮತ್ತೆಂದೂ ಬಿಗಿಯಾಗುವುದಿಲ್ಲ. ಈ ಕನೆಕ್ಟರ್‌ಗಳನ್ನು ಸುಮಾರು 30 ಬಾರಿ ಹಾಕಿ ತೆಗೆಯುವುದಕ್ಕಷ್ಟೇ ರೂಪಿಸಿರುವುದರಿಂದ ಆಟಕ್ಕೆಂದು ಬಿಚ್ಚಬಾರದು. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ ಕನೆಕ್ಟರ್ ದೊಡ್ಡದು, ಎಂ.2 ಕಾರ್ಡಿನದು ಚಿಕ್ಕದು. ಅಡಾಪ್ಟರ್ ಬಳಸಿ ಹಳೆಯ ಸ್ಲಾಟಿಗೆ ಎಂ.2 ಕಾರ್ಡ್ ಹಾಕುವವರು ಇದನ್ನು ಗಮನಿಸದೆ ದೊಡ್ಡ ಕ್ಯಾಪನ್ನು ಚಿಕ್ಕ ಮೊಳೆಯ ಮೇಲೆ ಹೇರಿ ಟೇಪ್ ಸುತ್ತಿ ತಂದದ್ದನ್ನು ನೋಡಿದ್ದೇನೆ. ಅದು ಸಂಪರ್ಕವೇ ಅಲ್ಲ. ಬಿಳಿ ತಂತಿ ಮುಖ್ಯ, ಕಪ್ಪು ತಂತಿ ಸಹಾಯಕ ಎಂಬುದು ಸಾಮಾನ್ಯ ರೂಢಿ. ಅದಲುಬದಲಾದರೂ ವೈಫೈ ಪೂರ್ತಿ ನಿಲ್ಲುವುದಿಲ್ಲ, ಆದರೆ ಒಂದು ತಂತಿ ಬಿಟ್ಟುಹೋದರೆ ವೇಗವೂ ದೂರವೂ ಕುಸಿಯುತ್ತವೆ. ಪರದೆಯನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಬಾಗಿಸುವಾಗ ಸಿಗ್ನಲ್ ಏರಿಳಿದರೆ ತಂತಿ ಹಿಂಜ್‌ನಲ್ಲಿ ಮುರಿದಿದೆ. ಫೋನಿಗೂ ಅದೇ ಕೋಣೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ದೂರಬೇಡಿ. ಐನ್‌ಮನೆಗಳಂಥ ಹಳೆಯ ಕಟ್ಟಡಗಳ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ದಾಟುವುದು ಕಷ್ಟ.

ವೈಫೈ ಬಂದು ಬ್ಲೂಟೂತ್ ಮಾತ್ರ ಬಾರದಿದ್ದರೆ ಕಾರ್ಡನ್ನು ಹಿಂದಿರುಗಿಸುವ ಮುನ್ನ ಯೋಚಿಸಿ. ಒಂದೇ ಕಾರ್ಡಿನಲ್ಲಿದ್ದರೂ ವೈಫೈ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ, ಬ್ಲೂಟೂತ್ ಸಾಮಾನ್ಯವಾಗಿ ಯುಎಸ್‌ಬಿ ದಾರಿಯಲ್ಲಿ ಓಡಾಡುತ್ತವೆ. ಕೆಲವು ಹಳೆಯ ಮದರ್‌ಬೋರ್ಡ್‌ಗಳ ಸ್ಲಾಟಿಗೆ ಯುಎಸ್‌ಬಿ ತಂತಿಯನ್ನೇ ಎಳೆದಿರುವುದಿಲ್ಲ. ಅಲ್ಲಿ ಯಾವ ಡ್ರೈವರಿನಿಂದಲೂ ಪ್ರಯೋಜನವಿಲ್ಲ.

ಬಯೋಸ್ ಒಪ್ಪದ, ಹಿಂಜ್‌ನಲ್ಲಿ ತಂತಿ ಮುರಿದ ಯಂತ್ರಗಳಿಗೆ ನಾನು ಕಾರ್ಡ್ ಮಾರುವುದಿಲ್ಲ, ಹೊರಗಿನಿಂದ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ವೈಫೈ ಡಾಂಗಲ್ ಕೊಡುತ್ತೇನೆ. ಪರದೆ ಬಿಚ್ಚಿ ಆಂಟೆನಾ ಹೊಸದಾಗಿ ಎಳೆಯುವ ಕೂಲಿ ಅದರ ಬೆಲೆಯನ್ನು ಮೀರುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಇರುವುದನ್ನೇ ಕೊಂಡು, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಇದ್ದರೆ ಅದಕ್ಕೆ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಸ್ವಲ್ಪ ದೂರ ಇಡುವುದು ಒಳ್ಳೆಯದು, ಏಕೆಂದರೆ ಯುಎಸ್‌ಬಿ 3 ಹೊರಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿಯಾಗುತ್ತದೆ. ಒಳಗಿನ ಹಳೆಯ ಕಾರ್ಡನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿಡಿ. ಇಲ್ಲದಿದ್ದರೆ ವಿಂಡೋಸ್ ಕೆಲವೊಮ್ಮೆ ಆ ದುರ್ಬಲ ಕಾರ್ಡಿನ ಮೂಲಕವೇ ರೌಟರಿಗೆ ಸೇರಿಕೊಂಡು, ಡಾಂಗಲ್ ಹಾಕಿಯೂ ವೇಗ ಬರಲಿಲ್ಲ ಎಂಬ ಹೊಸ ದೂರಿಗೆ ಎಡೆಯಾಗುತ್ತದೆ.