ನೋಟರಿ ಮುದ್ರೆ ಒಂದಿದ್ದರೆ ವಿದೇಶದಲ್ಲಿ ಸಾಕೇ?

ಪ್ರಶ್ನೆ: ಮಗಳ ಮದುವೆ ಕಳೆದ ವರ್ಷ ಆಯಿತು. ಅಳಿಯ ಅಬುಧಾಬಿಯಲ್ಲಿ ಉದ್ಯೋಗದಲ್ಲಿದ್ದಾರೆ. ಅವಳನ್ನು ಕರೆಸಿಕೊಳ್ಳಲು ಮದುವೆ ಪ್ರಮಾಣಪತ್ರ, ಪದವಿ ಪ್ರಮಾಣಪತ್ರ ಎರಡೂ ಬೇಕಂತೆ. ವಿರಾಜಪೇಟೆಯಲ್ಲೇ ನೋಟರಿ ಮಾಡಿಸಿ ಕಳಿಸಿದರೆ ಆಗುವುದೇ? ಅಪೊಸ್ಟಿಲ್ ಬೇಕೆಂದು ಕೆಲವರು ಹೇಳುತ್ತಾರೆ.
— ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ನೋಟರಿ ಮುದ್ರೆ ಸಾಲದು. ವಿದೇಶಾಂಗ ಸಚಿವಾಲಯ ಅಂಟಿಸಿಕೊಡುವ ದೃಢೀಕರಣ ಚೀಟಿಯಾದ ಅಪೊಸ್ಟಿಲ್ ಕೂಡ ನಿಮ್ಮ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅಬುಧಾಬಿ ಇರುವ ಸಂಯುಕ್ತ ಅರಬ್ ಸಂಸ್ಥಾನ ಅದನ್ನು ಒಪ್ಪಿಕೊಳ್ಳುವ ಹೇಗ್ ಒಪ್ಪಂದಕ್ಕೆ ಸೇರಿಲ್ಲ. ದುಡ್ಡು ಕೊಡುವ ಮೊದಲೇ ಇದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.

ನೋಟರಿ ಎಂದರೆ 1952ರ ನೋಟರಿ ಕಾಯ್ದೆಯ ಪ್ರಕಾರ ಸರ್ಕಾರ ನೇಮಿಸಿದ ವಕೀಲರು. ಐದು ಸೆಂಟಿಮೀಟರ್ ವ್ಯಾಸದ ಅವರ ದುಂಡು ಮುದ್ರೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರಲ್ಲಿ ಅವರ ಹೆಸರು, ಅವರಿಗೆ ಅಧಿಕಾರವಿರುವ ಪ್ರದೇಶ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ಮುದ್ರೆ ಹಾಕುವಾಗ ಅವರು ತಮ್ಮ ರಿಜಿಸ್ಟರ್‌ನಲ್ಲಿ ಕ್ರಮಸಂಖ್ಯೆ ಹಾಕಿ ವಿವರ ಬರೆದುಕೊಳ್ಳುತ್ತಾರೆ. ಆ ಸಂಖ್ಯೆ ನಿಮ್ಮ ಕಾಗದದ ಮೇಲೂ ಇದೆಯೇ ಎಂದು ಅಲ್ಲೇ ನೋಡಿಕೊಂಡು ಹೊರಡಿ. ಆದರೆ ಅವರು ದೃಢಪಡಿಸುವುದು ಎರಡೇ ಸಂಗತಿ: ಈ ವ್ಯಕ್ತಿ ನನ್ನೆದುರು ಸಹಿ ಮಾಡಿದರು, ಅಥವಾ ಈ ನಕಲು ಮೂಲಕ್ಕೆ ಸರಿಹೊಂದುತ್ತದೆ. ಪದವಿ ನಿಜವೇ, ಮದುವೆ ನಿಜವೇ ಎಂಬುದಕ್ಕೆ ಅವರು ಹೊಣೆಯಲ್ಲ. ಅಬುಧಾಬಿಯ ಅಧಿಕಾರಿಗೆ ವಿರಾಜಪೇಟೆಯ ನೋಟರಿಯ ಸಹಿ ಗುರುತಿಲ್ಲ. ಆದ್ದರಿಂದ ಒಬ್ಬರ ಸಹಿಗೆ ಅವರಿಗಿಂತ ಮೇಲಿನವರು ಸಾಕ್ಷಿ ಹೇಳುತ್ತಾ, ಆ ದೇಶ ಗುರುತಿಸುವ ಸಹಿಯವರೆಗೂ ಕಾಗದ ಹೋಗಬೇಕು.

ನಿಮ್ಮ ಮಗಳ ಮದುವೆ ಪ್ರಮಾಣಪತ್ರಕ್ಕೆ ಉಪನೋಂದಣಾಧಿಕಾರಿಯ ಸಹಿಯಿರುತ್ತದೆ. ಅದನ್ನು ರಾಜ್ಯದ ಗೃಹ ಇಲಾಖೆ ದೃಢೀಕರಿಸಬೇಕು, ಪದವಿ ಪ್ರಮಾಣಪತ್ರವನ್ನು ರಾಜ್ಯದ ಶಿಕ್ಷಣ ಇಲಾಖೆ. ಎರಡೂ ಬಳಿಕ ಕೇಂದ್ರದ ವಿದೇಶಾಂಗ ಸಚಿವಾಲಯಕ್ಕೆ ಹೋಗುತ್ತವೆ. ಇದಕ್ಕಾಗಿ ದೆಹಲಿಗೇ ಹೋಗಬೇಕಾದ ಕಾಲ ಮುಗಿಯಿತು. 2019ರಿಂದ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ಈ ಕೆಲಸ ಆಗುತ್ತಿದೆ. ಸಚಿವಾಲಯ ಗೊತ್ತುಮಾಡಿದ ಸಂಸ್ಥೆಗಳೇ ಕಾಗದಗಳನ್ನು ಸ್ವೀಕರಿಸುತ್ತವೆ. ನಿಮ್ಮ ಪ್ರಕರಣದಲ್ಲಿ ಇದಾದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಅಲ್ಲಿ ತಲುಪಿದ ನಂತರ ಅವರ ವಿದೇಶಾಂಗ ಸಚಿವಾಲಯದ್ದೂ ಬೇಕು. ಕುವೈತ್, ಕತಾರ್‌ಗಳಿಗೂ ರಾಯಭಾರ ಕಚೇರಿಯ ದಾರಿಯೇ.

ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್, ಒಮಾನ್‌ಗಳ ಕಡೆ ಹೊರಟವರಿಗೆ ರಾಯಭಾರ ಕಚೇರಿಯ ಅಲೆದಾಟವಿಲ್ಲ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿವು. ಭಾರತದ ಮಟ್ಟಿಗೆ ಅದು 2005ರ ಜುಲೈನಲ್ಲಿ ಜಾರಿಗೆ ಬಂದಿತು. ವಿದೇಶಾಂಗ ಸಚಿವಾಲಯ ಅಂಟಿಸಿಕೊಡುವ, ಹತ್ತು ಅಂಕಣಗಳಿರುವ ಒಂದು ಚೀಟಿಯೇ ಅಪೊಸ್ಟಿಲ್. ಸರ್ಕಾರಿ ಶುಲ್ಕ ದಾಖಲೆಯೊಂದಕ್ಕೆ ಐವತ್ತು ರೂಪಾಯಿ. ಸೇವಾ ಸಂಸ್ಥೆಯ ಶುಲ್ಕ ಬೇರೆ. ಏಜೆಂಟರು ಸಾವಿರಗಟ್ಟಲೆ ಕೇಳಿದರೆ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ. ಸೌದಿ ಅರೇಬಿಯಾ 2022ರ ಡಿಸೆಂಬರ್‌ನಿಂದ, ಕೆನಡಾ 2024ರ ಜನವರಿಯಿಂದ ಈ ಪಟ್ಟಿಯಲ್ಲಿವೆ. ಹಿಂದೆ ಅಲ್ಲಿಗೆ ಹೋದ ನೆಂಟರು ಹೇಳುವ ಕ್ರಮ ಇಂದಿಗೆ ಹೊಂದದಿರಬಹುದು.

ನಮ್ಮ ಜಿಲ್ಲೆಯವರು ಹೆಚ್ಚು ಎಡವುವುದು ಮುದ್ರೆಯಲ್ಲಲ್ಲ, ಹೆಸರಿನಲ್ಲಿ. ಮನೆತನದ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಹೀಗೆ ಮೂರು ಇರುವ ಕೊಡವ ಮತ್ತು ಅರೆಭಾಷೆ ಗೌಡ ಮನೆಗಳಲ್ಲಿ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮೊದಲ ಎರಡು ಬರಿಯ ಇನಿಷಿಯಲ್‌ಗಳಾಗಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಪೂರ್ತಿಯಾಗಿ ಕೊನೆಗೆ ಬಂದು ಕೂತಿರುತ್ತದೆ. ಮದುವೆಯ ನಂತರ ಗಂಡನ ಮನೆತನದ ಹೆಸರು ಸೇರಿದರೆ ಕಾಗದಗಳಲ್ಲಿ ಮೂರು ಬಗೆಯ ಹೆಸರು. ನಮಗೆ ಇದರಲ್ಲಿ ಗೊಂದಲವೇ ಕಾಣುವುದಿಲ್ಲ. ಹೊರಗಿನ ಅಧಿಕಾರಿಗೆ ಅವರು ಮೂವರು ಬೇರೆ ಬೇರೆ ಹೆಂಗಸರು. ಇಲ್ಲಿ ನೋಟರಿ ನಿಜವಾಗಿಯೂ ನೆರವಿಗೆ ಬರುತ್ತಾರೆ. ಈ ಹೆಸರುಗಳೆಲ್ಲ ಒಬ್ಬರವೇ ಎಂಬ ಅಫಿಡವಿಟ್ಟನ್ನು, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆಯನ್ನು, ಅವರೆದುರು ಸಹಿ ಮಾಡಿ ಪಡೆಯಬಹುದು. ಆದರೂ ಮೂಲ ದಾಖಲೆಯನ್ನೇ ತಿದ್ದಿಸಲು ಸಾಧ್ಯವಿದ್ದರೆ ಅದೇ ಲೇಸು. ಮದುವೆ ನೋಂದಾಯಿಸುವಾಗಲೇ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆ, ಅಕ್ಷರಕ್ಕೆ ಅಕ್ಷರ ಸರಿಹೊಂದಿಸಿ ಹೆಸರು ಬರೆಯಿಸಿ.

ಇನ್ನೂ ನೋಂದಣಿ ಮಾಡಿಸದವರು ಗಮನಿಸಬೇಕು. ಕೊಡವರ ಮದುವೆಗೆ ಪುರೋಹಿತರಿಲ್ಲ, ಮನೆತನದ ಹಿರಿಯರೇ ನಡೆಸಿಕೊಡುತ್ತಾರೆ. ಆಮಂತ್ರಣ ಪತ್ರಿಕೆ, ಫೋಟೊ ಬಿಟ್ಟರೆ ಕೈಯಲ್ಲಿ ಬೇರೆ ಕಾಗದವಿರುವುದಿಲ್ಲ. ಅದಕ್ಕೆ ಬದಲಾಗಿ ನೋಟರಿಯ ಅಫಿಡವಿಟ್ ಕಳಿಸೋಣ ಎನ್ನುವವರಿದ್ದಾರೆ. ನೋಟರಿಗಳು ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವಂತಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಉಪನೋಂದಣಾಧಿಕಾರಿ ಕಚೇರಿಯ ನೋಂದಣಿಯೇ ಬೇಕು.

ಇನ್ನೊಂದು ಮಾತು, ನಮ್ಮ ಮಳೆಗೆ ಸಂಬಂಧಿಸಿದ್ದು. ಜೂನ್‌ನಿಂದ ಮನೆಯೊಳಗಿನ ಪೆಟ್ಟಿಗೆಯಲ್ಲೂ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆಂದು ಎಲ್ಲ ಪ್ರಮಾಣಪತ್ರಗಳನ್ನೂ ಲ್ಯಾಮಿನೇಟ್ ಮಾಡಿಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ದಯವಿಟ್ಟು ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಮುದ್ರೆಯ ಶಾಯಿ ಕೂರುವುದಿಲ್ಲ. ಕಿತ್ತರೆ ಅಕ್ಷರಗಳೂ ಜೊತೆಗೇ ಕಿತ್ತು ಬರುತ್ತವೆ, ಬಳಿಕ ವಿಶ್ವವಿದ್ಯಾಲಯಕ್ಕೆ ಬರೆದು ಎರಡನೆಯ ಪ್ರತಿಗಾಗಿ ಕಾಯಬೇಕಾಗುತ್ತದೆ. ಪಾರದರ್ಶಕ ಫೈಲ್ ಕವರ್‌ನಲ್ಲಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾಕು.

ತೋಟ, ಗದ್ದೆ ಇರುವ ಮನೆಯಾದರೆ ಮಗಳು ಹೊರಡುವ ಮೊದಲು ಅಧಿಕಾರ ಪತ್ರದ ವಿಚಾರವೂ ಬರಬಹುದು. ತನ್ನ ಪರವಾಗಿ ಕ್ರಯಪತ್ರ, ವಿಭಾಗಪತ್ರದಂಥವನ್ನು ನೋಂದಣಿಗೆ ಹಾಜರುಪಡಿಸಲು ಅಣ್ಣನಿಗೋ ತಂದೆಗೋ ಅಧಿಕಾರ ಕೊಡುವುದಾದರೆ, ಭಾರತದಲ್ಲಿ ವಾಸವಾಗಿರುವವರು ಅದನ್ನು ಉಪನೋಂದಣಾಧಿಕಾರಿಯ ಎದುರೇ ಮಾಡಿಕೊಡಬೇಕೆಂದು 1908ರ ನೋಂದಣಿ ಕಾಯ್ದೆಯ 33ನೇ ಕಲಂ ಹೇಳುತ್ತದೆ. ಇಲ್ಲಿನ ನೋಟರಿ ಮಾಡಿದ ಅಧಿಕಾರ ಪತ್ರ ಆ ಕೆಲಸಕ್ಕೆ ನಡೆಯುವುದಿಲ್ಲ. ಹೊರದೇಶದಲ್ಲಿ ವಾಸವಿರುವವರು ಅಲ್ಲಿನ ನೋಟರಿಯ ಎದುರು ಅಥವಾ ನಮ್ಮ ರಾಯಭಾರ ಕಚೇರಿಯಲ್ಲಿ ಮಾಡಿಕೊಡಬಹುದು. ಹಾಗೆ ಬಂದ ಪತ್ರಕ್ಕೆ, ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆ ತಲುಪಿದ ವಾರದಲ್ಲೇ ಅದನ್ನು ಮಡಿಕೇರಿಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಒಯ್ಯಿರಿ. ಬಂದ ದಿನಾಂಕಕ್ಕೆ ಪುರಾವೆಯಾಗಿ ಅಂಚೆ ಮುದ್ರೆಯಿರುವ ಲಕೋಟೆಯನ್ನೂ ಜೊತೆಗಿಟ್ಟುಕೊಳ್ಳಿ.